ಪೂರ್ವ ಲಂಡನ್ನಿನ ಯೆಹೂದಿ ದತ್ತಿಸಂಸ್ಥೆಗಳು

ಯೆಹೂದಿ ಸಂಪ್ರದಾಯದಲ್ಲಿ ಬಡವರ ಪೋಷಣೆ ಉಳ್ಳವರ ಮರ್ಜಿಗೆ ಬಿಟ್ಟ ವಿಷಯವಲ್ಲ, ಇಡೀ ಸಮುದಾಯದ ಕರ್ತವ್ಯ. ಪ್ರಾಚೀನ ಧರ್ಮಸಂಹಿತೆಯಾದ ಮಿಷ್ನಾದ ಪ್ರಕಾರ ಬಡವರ ನಿಧಿಗೆ ಇಬ್ಬರು ಜೊತೆಯಾಗಿ ಹಣ ಎತ್ತಬೇಕು, ಮೂವರು ಕೂತು ಹಂಚಬೇಕು. 12ನೆಯ ಶತಮಾನದ ವಿದ್ವಾಂಸ ಮೈಮೊನಿಡಿಸ್ ದಾನವನ್ನು ಎಂಟು ದರ್ಜೆಗಳಾಗಿ ವಿಂಗಡಿಸಿದ. ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು, ಬಡವನು ಮತ್ತೆ ಕೈಯೊಡ್ಡದಂತೆ ಮಾಡುವುದು ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಶ್ರೇಷ್ಠ ದಾನ.

ಇಂಗ್ಲೆಂಡಿನಲ್ಲಿ ಈ ಕರ್ತವ್ಯಕ್ಕೆ ಚರಿತ್ರೆಯ ಒತ್ತಡವೂ ಕೂಡಿತು. 1290ರಲ್ಲಿ ಗಡೀಪಾರಾಗಿದ್ದ ಯೆಹೂದಿಗಳಿಗೆ ಅಲ್ಲಿ ಮತ್ತೆ ನೆಲೆ ಸಿಕ್ಕಿದ್ದು 1656ರಲ್ಲಿ. ತಮ್ಮ ಬಡವರು ಪರರಿಗೆ ಹೊರೆಯಾದರೆ ದ್ವೇಷಕ್ಕೆ ನೆಪವಾದೀತೆಂಬ ಅಳುಕು ಸಮುದಾಯದ ಮುಖಂಡರಿಗಿತ್ತು. ಸರ್ಕಾರಿ ಬಡವರ ಮನೆಗೆ ಸೇರಿದರೆ ಧರ್ಮಸಮ್ಮತ ಆಹಾರ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಆಚರಣೆ ಎರಡನ್ನೂ ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಹೀಗಾಗಿ ಸ್ವಂತ ವ್ಯವಸ್ಥೆ ಅನಿವಾರ್ಯವಾಯಿತು.

1854ರಲ್ಲಿ ಯೆಹೂದಿ ಬಡವರಿಗಾಗಿ ಗಂಜಿಕೇಂದ್ರವೊಂದು ಶುರುವಾಯಿತು. 1859ರಲ್ಲಿ ಲಂಡನ್ ನಗರದ ಮೂರು ಸಿನಗಾಗ್‌ಗಳು (ಯೆಹೂದಿ ಪ್ರಾರ್ಥನಾ ಮಂದಿರಗಳು) ಸೇರಿ ಬಡವರ ಪಾಲಕ ಮಂಡಳಿಯನ್ನು ಸ್ಥಾಪಿಸಿದವು. ಎಫ್ರಾಯಿಮ್ ಅಲೆಕ್ಸ್ ಅದರ ಮೊದಲ ಅಧ್ಯಕ್ಷ.

1881ರ ನಂತರ ರಷ್ಯಾ ಸಾಮ್ರಾಜ್ಯದ ಹಿಂಸಾಚಾರ ಮತ್ತು ಬಡತನದಿಂದ ತಪ್ಪಿಸಿಕೊಂಡು ಬಂದ ಯೆಹೂದಿಗಳು ಪೂರ್ವ ಲಂಡನ್ನಿನ ವೈಟ್‌ಚಾಪೆಲ್, ಸ್ಪಿಟಲ್‌ಫೀಲ್ಡ್ಸ್ ಬೀದಿಗಳಲ್ಲಿ ಕಿಕ್ಕಿರಿದರು. ಹಡಗಿನಿಂದ ಇಳಿದು ದಿಕ್ಕು ಕಾಣದೆ ನಿಂತವರಿಗಾಗಿ 1885ರಲ್ಲಿ ತಾತ್ಕಾಲಿಕ ಆಶ್ರಯಧಾಮ ತೆರೆಯಿತು. ಗಂಜಿಕೇಂದ್ರಕ್ಕೆ 1902ರಲ್ಲಿ ಈಗಿನ ಬ್ರೂನ್ ಬೀದಿಯಲ್ಲಿ ಹೊಸ ಕಟ್ಟಡವಾಯಿತು. ಅದರ ಮುಂಭಾಗದಲ್ಲಿ ಸೂಪಿನ ಪಾತ್ರೆಯ ಕೆತ್ತನೆಯಿದೆ. 1902 ಎಂಬ ಇಸವಿಯ ಜೊತೆಗೆ ಹೀಬ್ರೂ ಪಂಚಾಂಗದ 5662 ಕೂಡ ಇದೆ. ಒಳಹೋಗಲು ಒಂದು, ಹೊರಬರಲು ಇನ್ನೊಂದು ಬಾಗಿಲು. ಬಡ ಕುಟುಂಬಗಳು ಇಲ್ಲಿಂದ ಸೂಪು, ಬ್ರೆಡ್ಡು ಒಯ್ಯುತ್ತಿದ್ದವು.

ಪಾಲಕ ಮಂಡಳಿ ಅನ್ನದಾನಕ್ಕೆ ನಿಲ್ಲಲಿಲ್ಲ. ದರ್ಜಿಗಳಿಗೆ ಹೊಲಿಗೆ ಯಂತ್ರ ಒದಗಿಸಿ ಹಣವನ್ನು ಕಂತಿನಲ್ಲಿ ತೀರಿಸಿಕೊಂಡಿತು, ಸಣ್ಣ ವ್ಯಾಪಾರಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಮೈಮೊನಿಡಿಸ್ ಹೇಳಿದ ಶ್ರೇಷ್ಠ ದಾನ ಹೀಗೆ ದಿನಬಳಕೆಗೆ ಇಳಿಯಿತು. ಆದರೆ ಮಂಡಳಿಗೆ ಕಠಿಣ ಮುಖವೂ ಇತ್ತು. ಇಂಗ್ಲೆಂಡಿಗೆ ಬಂದು ಆರು ತಿಂಗಳಾಗದವರಿಗೆ ಸಾಮಾನ್ಯವಾಗಿ ನೆರವು ಸಿಗುತ್ತಿರಲಿಲ್ಲ. ಸಾವಿರಾರು ಜನರನ್ನು ಬಂದ ದೇಶಕ್ಕೇ ಮರಳಿ ಕಳಿಸಲಾಯಿತು. ಈ ಬಿಗಿ ಧೋರಣೆಯನ್ನು ವಲಸಿಗರು ಕಹಿಯಾಗಿಯೇ ಕಂಡರು.

ಅವರು ತಮ್ಮದೇ ಸಂಘಗಳನ್ನೂ ಕಟ್ಟಿಕೊಂಡರು. ಒಂದೇ ಊರಿನಿಂದ ಬಂದವರು ವಾರಕ್ಕಿಷ್ಟು ಎಂದು ಚಿಲ್ಲರೆ ಕಾಸು ಕೂಡಿಸಿ ಕಾಯಿಲೆ, ಸಾವು, ಸೂತಕದ ಖರ್ಚಿಗೆ ಒದಗುತ್ತಿದ್ದರು. ಇಲ್ಲಿ ದಾನಿ ಬೇರೆ, ಫಲಾನುಭವಿ ಬೇರೆ ಅಲ್ಲ. ಈ ವಾರ ಕೊಟ್ಟವನೇ ಮುಂದಿನ ವಾರ ಪಡೆಯಬಹುದಿತ್ತು. ಶ್ರೀಮಂತರು ಧರ್ಮಕ್ಕೆ, ಘನತೆಗೆ, ಸಮುದಾಯದ ಹೆಸರಿಗೆ ದುಡಿದರೆ, ಬಡವರು ನೆರೆಯವನ ಕಷ್ಟ ನಾಳೆ ತಮ್ಮದೂ ಆದೀತೆಂದು ಬಲ್ಲವರಾಗಿ ದುಡಿದರು. ದತ್ತಿಸೇವೆ ತಲೆಮಾರುಗಳ ಕಾಲ ಬಾಳಿದ್ದು ಈ ಎರಡೂ ಬಲಗಳಿಂದ.

ಮುಂದೆ ಯೆಹೂದಿ ಕುಟುಂಬಗಳು ಪೂರ್ವ ಲಂಡನ್ ಬಿಟ್ಟು ಉಪನಗರಗಳಿಗೆ ಸರಿದವು. 1992ರಲ್ಲಿ ಗಂಜಿಕೇಂದ್ರ ಮುಚ್ಚಿತು. ಪಾಲಕ ಮಂಡಳಿಯ ಉತ್ತರಾಧಿಕಾರಿ ಸಂಸ್ಥೆ 1990ರಲ್ಲಿ ಯೆಹೂದಿ ಅಂಧರ ಸಂಘದೊಂದಿಗೆ ವಿಲೀನವಾಗಿ ಜ್ಯೂಯಿಷ್ ಕೇರ್ ಎನಿಸಿತು. ಅದರ ಸ್ವಯಂಸೇವಕರು ಇಂದು ವೃದ್ಧರ, ಮರೆವಿನ ಕಾಯಿಲೆಯವರ ಜೊತೆಗಿದ್ದು ನೆರವಾಗುತ್ತಾರೆ.