ಸೂಜಿ ಮತ್ತು ನಿಷೇಧ: ಪಾರ್ಶ್ವವಾಯುವಿನ ಸೂಜಿಚಿಕಿತ್ಸೆಯಲ್ಲಿ ಸುರಕ್ಷತೆಯ ಇತಿಹಾಸ

ಒಂದು ಸಮುದಾಯ ರೋಗಕ್ಕೆ ಇಡುವ ಹೆಸರಿನಲ್ಲಿ ಆ ರೋಗವನ್ನು ಅದು ಗ್ರಹಿಸಿದ ಬಗೆಯೂ ಅಡಗಿರುತ್ತದೆ. ದೇಹದ ಒಂದು ಮಗ್ಗುಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುವ ಕಾಯಿಲೆಯನ್ನು ಕನ್ನಡಿಗರು ‘ಪಾರ್ಶ್ವವಾಯು’ ಎನ್ನುತ್ತಾರೆ; ಆಡುಮಾತಿನಲ್ಲಿ ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಚೀನೀಯರು ಇದೇ ಕಾಯಿಲೆಯನ್ನು ಕರೆಯುವುದು ‘ಝೊಂಗ್‌ಫೆಂಗ್’ ಎಂದು. ಗಾಳಿಯ ಏಟಿಗೆ ಸಿಕ್ಕುವುದು ಎಂಬುದು ಅದರ ಅರ್ಥ. ಹೀಗೆ ಎರಡು ನಾಡುಗಳ ಕಲ್ಪನೆಯಲ್ಲೂ ಇದು ವಾಯುವಿನ ಹೊಡೆತ. ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಇಲ್ಲವೆ ಒಡೆಯುವುದು ಇದಕ್ಕೆ ಕಾರಣವೆಂದು ಇಂದು ತಿಳಿದಿದೆಯಾದರೂ, ಆ ಗಾಳಿಯನ್ನು ಹೊರದೂಡಲೆಂದು ಚೀನೀ ವೈದ್ಯರು ಹಿಡಿದ ಸೂಜಿ ಕೈಬಿಟ್ಟುಹೋಗಿಲ್ಲ. ಆಕ್ಯುಪಂಕ್ಚರ್ ಎಂಬ ಹೆಸರಿನಲ್ಲಿ ಅದು ಪಾರ್ಶ್ವವಾಯು ಪೀಡಿತರ ಚೇತರಿಕೆಗೆ ಪೂರಕ ಚಿಕಿತ್ಸೆಯಾಗಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಈ ಸೂಜಿ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯನ್ನು ಆಧುನಿಕ ವೈದ್ಯವಿಜ್ಞಾನ ಹೊರಗಿನಿಂದ ಎತ್ತಿದ್ದೆಂದು ಭಾವಿಸುವುದುಂಟು. ಪರಂಪರೆಯ ಇತಿಹಾಸ ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ರೂಪುಗೊಂಡ ‘ಹುವಾಂಗ್‌ಡಿ ನೇಯ್‌ಜಿಂಗ್’ ಚೀನೀ ವೈದ್ಯಕ್ಕೆ ಮೂಲಗ್ರಂಥ. ಅದು ಒಂಬತ್ತು ಬಗೆಯ ಸೂಜಿಗಳನ್ನು ವಿವರಿಸುತ್ತದೆ. ಅಷ್ಟೇ ಮುಖ್ಯವಾಗಿ, ಸೂಜಿ ಚುಚ್ಚಬಾರದ ಎಡೆಗಳಿಗಾಗಿಯೇ ಅದರಲ್ಲಿ ಪ್ರತ್ಯೇಕ ಅಧ್ಯಾಯವೊಂದಿದೆ. ಹೃದಯಕ್ಕೆ, ಶ್ವಾಸಕೋಶಕ್ಕೆ, ಯಕೃತ್ತಿಗೆ ಸೂಜಿ ತಾಗಿದರೆ ಎಷ್ಟು ದಿನದಲ್ಲಿ ಸಾವು ಬರುತ್ತದೆಂಬುದನ್ನು ಅಲ್ಲಿ ಒಂದೊಂದಾಗಿ ಹೇಳಲಾಗಿದೆ. ಕುಡಿದವರಿಗೆ, ಸಿಟ್ಟಿನಲ್ಲಿರುವವರಿಗೆ, ಆಗತಾನೆ ಉಂಡವರಿಗೆ, ಹಸಿದವರಿಗೆ, ಬೆದರಿದವರಿಗೆ ಚುಚ್ಚಬಾರದೆಂಬ ಕಟ್ಟಳೆಯೂ ಇದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಗಮನಾರ್ಹ. ವಿಧಿಯೊಂದಿದ್ದಲ್ಲಿ ನಿಷೇಧವೂ ಇರುತ್ತದೆ. ಆ ನಿಷೇಧದ ಹಿಂದೆ ಬಹಳಮಟ್ಟಿಗೆ ಸಮುದಾಯ ಕಂಡುಂಡ ಕೇಡಿನ ನೆನಪಿರುತ್ತದೆ.

ಪಾರ್ಶ್ವವಾಯುವಿಗೂ ಸೂಜಿಗೂ ಇರುವ ನಂಟು ಹಳೆಯದು. ಹುವಾಂಗ್‌ಫು ಮಿ (215–282) ನಡುವಯಸ್ಸಿನಲ್ಲಿ ವಾತದಿಂದ ಅಂಗಸ್ವಾಧೀನ ಕಳೆದುಕೊಂಡ ವಿದ್ವಾಂಸ. ಆ ಬೇನೆಯೇ ಅವನನ್ನು ವೈದ್ಯಗ್ರಂಥಗಳತ್ತ ತಿರುಗಿಸಿತು. ಚದುರಿಹೋಗಿದ್ದ ಜ್ಞಾನವನ್ನು ಒಟ್ಟುಗೂಡಿಸಿ ಅವನು ‘ಝೆನ್‌ಜಿಯು ಜಿಯಾಯಿ ಜಿಂಗ್’ ಎಂಬ ಸೂಜಿಚಿಕಿತ್ಸೆಯ ಕೈಪಿಡಿಯನ್ನು ರಚಿಸಿದನು. ಸೊಂಗ್ ಅರಸರ ಕಾಲದಲ್ಲಿ, 1027ರಲ್ಲಿ, ವಾಂಗ್ ವೇಯ್‌ಯಿ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿ, ಚುಚ್ಚುವ ಬಿಂದುಗಳನ್ನು ಅವುಗಳ ಮೇಲೆ ಗುರುತಿಸಿದನು. ಪ್ರತಿಮೆಗೆ ಮೇಣ ಬಳಿದು ಒಳಗೆ ದ್ರವ ತುಂಬುತ್ತಿದ್ದರೆಂದೂ, ಶಿಷ್ಯನ ಸೂಜಿ ಸರಿಯಾದ ಬಿಂದುವನ್ನು ಹೊಕ್ಕರೆ ಮಾತ್ರ ದ್ರವ ಹೊರಗೆ ಬರುತ್ತಿತ್ತೆಂದೂ ಪರಂಪರೆ ಹೇಳುತ್ತದೆ. ರೋಗಿಯ ಮೈ ಮುಟ್ಟುವ ಮುನ್ನ ಕೈ ಪಳಗಿರಬೇಕೆಂಬ ತತ್ತ್ವ ಈ ಐತಿಹ್ಯದ ತಿರುಳು.

ಈ ಇತಿಹಾಸ ಏರುಗತಿಯದು ಮಾತ್ರವಲ್ಲ. 1822ರಲ್ಲಿ ಚಿಂಗ್ ಚಕ್ರವರ್ತಿ ದಾವೊಗುವಾಂಗ್ ಅರಮನೆಯ ವೈದ್ಯಸಂಸ್ಥೆಯಲ್ಲಿದ್ದ ಸೂಜಿಚಿಕಿತ್ಸೆಯ ವಿಭಾಗವನ್ನು ಮುಚ್ಚಿಸಿದನು. ರಾಜಾಶ್ರಯ ತಪ್ಪಿದರೂ ವಿದ್ಯೆ ಹಳ್ಳಿಗಳಲ್ಲಿ, ಸಂತೆಬೀದಿಗಳಲ್ಲಿ ಉಳಿಯಿತು. 1930ರ ದಶಕದಲ್ಲಿ ಚೆಂಗ್ ದಾನ್‌ಆನ್ (1899–1957) ಈ ವಿದ್ಯೆಗೆ ಮರುಜೀವ ನೀಡಿದನು. ಅವನು ಅಂಗರಚನಾಶಾಸ್ತ್ರದ ಬೆಳಕಿನಲ್ಲಿ ಬಿಂದುಗಳ ಸ್ಥಾನವನ್ನು ಮರುಪರಿಶೀಲಿಸಿ, ತೆಳುವಾದ ಸೂಜಿಗಳ ಬಳಕೆಯನ್ನು ಪ್ರಚುರಪಡಿಸಿದನು. ಇಂದು ‘ಪ್ರಾಚೀನ’ವೆಂದು ಕರೆಯಲಾಗುವ ಪದ್ಧತಿಯ ಸೌಮ್ಯರೂಪ ಹೀಗೆ ಇಪ್ಪತ್ತನೆಯ ಶತಮಾನದ ತಿದ್ದುಪಡಿಗೂ ಋಣಿಯಾಗಿದೆ.

1970ರ ದಶಕದ ಆರಂಭದಲ್ಲಿ ಪಾರ್ಶ್ವವಾಯುವನ್ನೇ ಮುಖ್ಯವಾಗಿ ಲಕ್ಷಿಸಿದ ಹೊಸ ಕ್ರಮಗಳು ಹುಟ್ಟಿದವು. ಜಿಯಾವೊ ಶುನ್‌ಫಾ ನೆತ್ತಿಯ ಚರ್ಮದಲ್ಲಿ ಸೂಜಿಯಿಡುವ ಕ್ರಮವನ್ನೂ, ಟಿಯಾಂಜಿನ್ ನಗರದ ಶಿ ಶುಯೆಮಿನ್ ಇನ್ನೊಂದು ಕ್ರಮವನ್ನೂ ರೂಪಿಸಿದರು. ಭಾರತಕ್ಕೆ ಈ ವಿದ್ಯೆ ಬಂದ ದಾರಿಯೂ ಸ್ಮರಣೀಯ. 1938ರಲ್ಲಿ ಚೀನಾಕ್ಕೆ ತೆರಳಿದ ಭಾರತೀಯ ವೈದ್ಯ ನಿಯೋಗದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರ ಜೊತೆಗಿದ್ದ ಬಿಜಯ್ ಕುಮಾರ್ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಸೂಜಿಚಿಕಿತ್ಸೆ ಕಲಿತು, ಅದನ್ನು ಕಲ್ಕತ್ತೆಯಲ್ಲಿ ನೆಲೆಗೊಳಿಸಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕಾಗಿ ಶಾಸನವನ್ನೇ ಮಾಡಿತು.

ಜಗತ್ತಿನಾದ್ಯಂತ ಹರಡಿದಂತೆ ಹಳೆಯ ನಿಷೇಧಗಳು ಊಹಿಸಿರದ ಅಪಾಯವೂ ಕಾಣಿಸಿಕೊಂಡಿತು. 1984ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಸರಿಯಾಗಿ ಸೋಂಕುಮುಕ್ತಗೊಳಿಸದ ಸೂಜಿಗಳಿಂದ 35 ಮಂದಿಗೆ ಹೆಪಟೈಟಿಸ್ ಬಿ ತಗುಲಿತು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ತರಬೇತಿ ಮತ್ತು ಸುರಕ್ಷತೆಯ ಮಾರ್ಗಸೂಚಿಯನ್ನು ಈ ಹಿನ್ನೆಲೆಯಲ್ಲಿ ಹೊಸ ಕಾಲದ ನಿಷೇಧಾಧ್ಯಾಯವೆನ್ನಬಹುದು. ಒಮ್ಮೆ ಬಳಸಿ ಎಸೆಯುವ ಸೂಜಿ ಇಂದು ಆ ಶಿಸ್ತಿನ ಕುರುಹಾಗಿದೆ.

ಅಂಕಿಅಂಶಗಳು ಸಮಾಧಾನವನ್ನೂ ಎಚ್ಚರವನ್ನೂ ಒಟ್ಟಿಗೆ ನೀಡುತ್ತವೆ. ಜರ್ಮನಿಯಲ್ಲಿ ವೈದ್ಯರಿಂದಲೇ ಸೂಜಿ ಪಡೆದ 2,29,230 ರೋಗಿಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 8.6ರಷ್ಟು ಮಂದಿ ಏನಾದರೊಂದು ಅಡ್ಡಪರಿಣಾಮವನ್ನು ಹೇಳಿಕೊಂಡರು. ಹೆಚ್ಚಿನವು ಸಣ್ಣ ರಕ್ತಸ್ರಾವ, ರಕ್ತ ಹೆಪ್ಪುಗಟ್ಟಿದ ಕಲೆ, ನೋವು. ಇಬ್ಬರಿಗೆ ಮಾತ್ರ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿತು. ಆದರೆ ಅವರು ಬಹುಮಟ್ಟಿಗೆ ಬೆನ್ನುನೋವು, ತಲೆನೋವು, ಕೀಲುನೋವಿನಂಥ ತೊಂದರೆಯವರೇ ಹೊರತು ಪಾರ್ಶ್ವವಾಯುವಿನವರಲ್ಲ. ಪಾರ್ಶ್ವವಾಯುವಿನ ಚೇತರಿಕೆಯನ್ನು ಕುರಿತು 2016ರಲ್ಲಿ ಹೊರಬಂದ ಕಾಕ್ರೇನ್ ಸಮೀಕ್ಷೆ 31 ಪ್ರಯೋಗಗಳನ್ನೂ 2,257 ರೋಗಿಗಳನ್ನೂ ಪರಿಶೀಲಿಸಿತು. ಕೆಲವು ಲಾಭಗಳ ಸೂಚನೆ ಕಂಡರೂ ಪ್ರಯೋಗಗಳ ಗುಣಮಟ್ಟ ಸಾಲದೆಂದು ಅದು ಹೇಳಿತು. ಅಡ್ಡಪರಿಣಾಮಗಳನ್ನು ದಾಖಲಿಸಿದ ಪ್ರಯೋಗಗಳು ಕೆಲವೇ. ದಾಖಲಾಗದ್ದನ್ನು ನಡೆಯಲೇ ಇಲ್ಲವೆಂದು ತಿಳಿಯುವಂತಿಲ್ಲ.

ಪಾರ್ಶ್ವವಾಯು ಪೀಡಿತನ ದೇಹ ಬೇರೆಯವರ ದೇಹದಂತಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಸೇವಿಸುವವನಿಗೆ ಸಣ್ಣ ಚುಚ್ಚೂ ಹೆಚ್ಚು ರಕ್ತ ಸುರಿಸಬಲ್ಲದು. ಸ್ಪರ್ಶಜ್ಞಾನ ಕಳೆದುಕೊಂಡ ಕೈಕಾಲಿಗೆ ನೋವು ತಿಳಿಯದು. ಮಾತು ನಿಂತವನು ನೋವಾಗುತ್ತಿದೆಯೆಂದು ಹೇಳಲಾರ. ಸೊರಗಿದ ಭುಜದ, ಎದೆಯ ಭಾಗದಲ್ಲಿ ಸೂಜಿ ಆಳಕ್ಕಿಳಿದರೆ ಶ್ವಾಸಕೋಶಕ್ಕೆ ತಗಲೀತು. ಹೃದಯದಲ್ಲಿ ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ ಹಾಯಿಸುವ ಸೂಜಿ ಸಲ್ಲದು. ಎಲ್ಲಕ್ಕಿಂತ ದೊಡ್ಡ ಅಪಾಯ ಕಾಲಹರಣ. ನಾಳ ಕಟ್ಟಿಕೊಂಡ ರೋಗಿಗೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸೂಜಿಯೇ ಆಗಲಿ, ನಮ್ಮ ಹಳ್ಳಿಗಳಲ್ಲಿ ರೂಢಿಯಲ್ಲಿದ್ದ ಬರೆಯೇ ಆಗಲಿ, ಆ ಹೊತ್ತನ್ನು ನುಂಗಿಹಾಕಿದರೆ ಅದು ಪೂರಕವಾಗದೆ ಮಾರಕವಾಗುತ್ತದೆ. ಆಸ್ಪತ್ರೆಯ ಚಿಕಿತ್ಸೆಯ ನಂತರ, ಅಂಗಸಾಧನೆಯ ಜೊತೆಗೆ, ವೈದ್ಯರಿಗೆ ತಿಳಿಸಿ ಪಡೆಯುವುದೇ ಸೂಜಿಗೆ ಸಲ್ಲುವ ಸ್ಥಾನ.

2010ರಲ್ಲಿ ಯುನೆಸ್ಕೊ ಚೀನಾದ ಸೂಜಿಚಿಕಿತ್ಸೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಿ ಬಂದ ವಿದ್ಯೆ ಎಂಬುದು ಈ ಗೌರವಕ್ಕೆ ಒಂದು ಆಧಾರ. ಹಾಗೆ ದಾಟಿ ಬಂದುದರಲ್ಲಿ ಚುಚ್ಚುವ ಜಾಣ್ಮೆಯಷ್ಟೇ ಚುಚ್ಚದಿರುವ ವಿವೇಕವೂ ಸೇರಿದೆ. ಪರಂಪರೆಯ ಹೆಸರಿನಲ್ಲಿ ಸುರಕ್ಷತೆಯ ಪ್ರಶ್ನೆಯನ್ನು ತಳ್ಳಿಹಾಕುವವರು ಆ ಪರಂಪರೆಯ ಅರ್ಧವನ್ನೇ ಕೈಬಿಟ್ಟಂತಾಗುತ್ತದೆ.