ಕೇರೆಯ ಚರ್ಮ, ಇರುಳರ ಕೈ

ಹಾವಿನ ಚರ್ಮವು ಒಂದು ಕಾಲಕ್ಕೆ ಭಾರತದ ರಫ್ತಿನ ಸರಕಾಗಿತ್ತೆಂಬುದು ಇಂದು ಬಹುಮಂದಿಯ ನೆನಪಿನಲ್ಲಿಲ್ಲ. ಕಳೆದ ಶತಮಾನದ ಎಪ್ಪತ್ತರ ದಶಕದವರೆಗೂ ಕೇರೆ, ನಾಗರ, ಹೆಬ್ಬಾವುಗಳ ಚರ್ಮವು ಮದರಾಸಿನ ಸುತ್ತಲಿನ ಚರ್ಮ ಹದಮಾಡುವ ಕಾರ್ಖಾನೆಗಳನ್ನು ಹಾದು ಹಡಗೇರುತ್ತಿತ್ತು. ಯೂರೋಪಿನ ನಗರಗಳಲ್ಲಿ ಕೈಚೀಲವಾಗಿ, ಪಾದರಕ್ಷೆಯಾಗಿ, ಸೊಂಟಪಟ್ಟಿಯಾಗಿ ಮಾರಾಟವಾಗುತ್ತಿತ್ತು. ವಿಷವಿಲ್ಲದ, ಗದ್ದೆಯ ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಕೇರೆಯೂ ಈ ಬೆಡಗಿಗೆ ಬಲಿಯಾಯಿತು.

ಹಾವುಗಳನ್ನು ಹಿಡಿದು ಕೊಡುತ್ತಿದ್ದವರು ಚೆಂಗಲ್ಪಟ್ಟು ಪ್ರದೇಶದ ಇರುಳರು. ಮಣ್ಣಿನ ಮೇಲಿನ ಜಾಡು, ಬಿಲದ ಬಾಯಿಯ ನುಣುಪು, ಅಲ್ಲಿ ಬಿದ್ದ ಪೊರೆಯ ಚೂರು, ಇವನ್ನು ಓದಿ ಒಳಗಿರುವ ಹಾವು ಯಾವುದೆಂದು ಹೇಳಬಲ್ಲ ಜನ. ಆ ವಿದ್ಯೆಗೆ ದೊರೆಯುತ್ತಿದ್ದುದು ಅತ್ಯಲ್ಪ. ಲಾಭವು ದಲ್ಲಾಳಿಗಳಿಗೂ ರಫ್ತುದಾರರಿಗೂ ಸೇರುತ್ತಿತ್ತು.

ಇಲ್ಲಿ ಹಿಂಸೆಯ ಹೊಣೆ ಯಾರದು? ನಮ್ಮ ಶಾಸ್ತ್ರಕಾರರು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ ಹೇಳಿದರು: ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡುವುದು. ಹಸಿವಿಗಾಗಿ ಹಾವು ಹಿಡಿದವನು ಮೊದಲನೆಯವನು. ಅಂಗಡಿಯಲ್ಲಿ ಚೀಲದ ಹೊಳಪನ್ನು ಮೆಚ್ಚಿ ಹಣ ತೆತ್ತವರು ಹಾವನ್ನು ಕಂಡವರೇ ಅಲ್ಲ. ಆದರೂ ನನ್ನ ಎಣಿಕೆಯಲ್ಲಿ ಭಾರವಾದ ಪಾಲು ಅವರದೇ. ಅವರಿಗೆ ಬೇರೆ ಚೀಲಗಳಿದ್ದವು, ಇರುಳನಿಗೆ ಬೇರೆ ಕಸುಬಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಷೇಧವಾಯಿತು. ಹಾವು ಬದುಕಿತು, ಸರಿ. ಆದರೆ ನಿಷೇಧದ ಪೆಟ್ಟು ಕೊಂಡವರಿಗೆ ತಗಲಲಿಲ್ಲ. ಕೂಳು ಕಳೆದುಕೊಂಡವರು ಇರುಳರು. ಅಹಿಂಸೆಯ ಹೆಸರಿನಲ್ಲಿ ಸಂಭ್ರಮಿಸುವವರು ಈ ಮಾತನ್ನು ಬಿಟ್ಟೇ ಮುಂದೆ ಹೋಗುತ್ತಾರೆ.

ಉರಗತಜ್ಞ ರೋಮುಲಸ್ ವಿಟೇಕರ್ (2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ) ಅವರ ನೆರವಿನಿಂದ 1978ರಲ್ಲಿ ಇರುಳರ ಹಾವಾಡಿಗ ಸಹಕಾರ ಸಂಘ ಹುಟ್ಟಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಜಾತಿಯ ಹಾವುಗಳನ್ನು ಪರವಾನಗಿಯ ಮೇರೆಗೆ ಹಿಡಿದು, ಮಡಕೆಗಳಲ್ಲಿ ಕೆಲವು ವಾರ ಇರಿಸಿ, ವಿಷ ತೆಗೆದು, ಮರಳಿ ಬಿಡುವುದು ಅದರ ಕ್ರಮ. ಆ ವಿಷವು ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷದ ತಯಾರಿಕೆಗೆ ಹೋಗುತ್ತದೆ. ಇದು ಪೂರ್ಣ ಅಹಿಂಸೆಯೆಂದು ನಾನು ಹೇಳಲಾರೆ: ಸೆರೆಯಿದೆ, ಪ್ರತಿವಿಷಕ್ಕಾಗಿ ಕುದುರೆಗಳ ಮೈಗೆ ಚುಚ್ಚುವ ಸೂಜಿಯಿದೆ. ಆದರೆ ಇಲ್ಲಿ ಪ್ರಯೋಜನವು ಪ್ರಾಣರಕ್ಷಣೆ; ಅಲ್ಲಿದ್ದುದು ಅಲಂಕಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

2023ರಲ್ಲಿ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಎಂಬ ಇಬ್ಬರು ಇರುಳರಿಗೆ ಪದ್ಮಶ್ರೀ ಸಂದಿತು. ಸಂಘದವರು ಹಾವನ್ನು ಬಿಡುವ ಮುನ್ನ ಅದರ ಹೊಟ್ಟೆಯ ಹುರುಪೆಯ ಮೇಲೆ ಒಂದು ಗುರುತು ಮಾಡುತ್ತಾರೆ, ಅದನ್ನೇ ಬೇಗನೆ ಮತ್ತೆ ಹಿಡಿಯದಿರಲೆಂದು.