ಕದ್ದು ಕಳಿಸಿದ ಕರೆಂಟು

ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದಿಯುವವರನ್ನು ನಾವೆಲ್ಲ ಊರಿನಲ್ಲಿ ಕಂಡವರೇ. ಟೆಕ್ಸಾಸಿನಲ್ಲಿ ಕದ್ದು ಕಳಿಸಿದವರ ಕಥೆಯಿದೆ!

1976ರ ಮೇ 4ರಂದು ವೆಸ್ಟ್ ಟೆಕ್ಸಾಸ್ ಯುಟಿಲಿಟೀಸ್ ಕಂಪನಿ ಗುಟ್ಟಾಗಿ ವರ್ನನ್ ಊರಿನಿಂದ ಒಕ್ಲಹೋಮದ ಆಲ್ಟಸ್‌ಗೆ ಕೆಲವು ಗಂಟೆ ವಿದ್ಯುತ್ ಹರಿಸಿತು. ಗಡಿ ದಾಟಿದ ವಿದ್ಯುತ್ತಿಗೆ ಕೇಂದ್ರದ ಕಾನೂನು ಬೀಳುತ್ತದೆ. ಅದಕ್ಕೆ ಅಂಜಿ ಡಲ್ಲಾಸ್, ಹ್ಯೂಸ್ಟನ್ ಕಂಪನಿಗಳು ಅಂದೇ ಸಂಪರ್ಕ ಕಡಿದುಕೊಂಡವು. ಜಗಳ ಆಸ್ಟಿನ್ನಿನ ಆಯೋಗ, ಡಲ್ಲಾಸಿನ ಫೆಡರಲ್ ಕೋರ್ಟು ಹತ್ತಿ ರಾಜಿಯಲ್ಲಿ ಮುಗಿಯಿತು. ಹೊರಗಿನೊಡನೆ ಕೆಲವೇ ಸಣ್ಣ ಕೊಂಡಿಗಳು. ಟೆಕ್ಸಾಸಿನ ಜಾಲ ಬಹುಮಟ್ಟಿಗೆ ಒಂಟಿಯಾಗಿಯೇ ಉಳಿಯಿತು.

2021ರ ಫೆಬ್ರವರಿಯ ಹಿಮದಲ್ಲಿ ಗ್ಯಾಸು, ಯಂತ್ರಗಳು ಹೆಪ್ಪುಗಟ್ಟಿದಾಗ ನೆರೆಯವರಿಂದ ಸಾಕಷ್ಟು ಕಡ ತರುವ ದಾರಿಯಿರಲಿಲ್ಲ. ಸರ್ಕಾರದ ಲೆಕ್ಕದಲ್ಲೇ 246 ಸಾವು, ಹೆಚ್ಚಿನವು ಚಳಿಯಿಂದ. ವೈದ್ಯರಾದ ನಮಗೆ ತೋರುವುದಿಷ್ಟೆ: ಮುಂದೆ ಕರೆಂಟು ಹೋದ ದಿನ, ಸಂಘದ ಒಂಟಿ ಹಿರಿಯರ ಬಾಗಿಲನ್ನು ಮೊದಲು ತಟ್ಟೋಣ.